ಕಪಿಲೆಯ ತೇಗು

ಕೋಣನಕುಂಟೆಯ ಸುತ್ತಮುತ್ತ ಯಾರದೇ ಗೃಹಪ್ರವೇಶವಿರಲಿ, ಹೊಸ ಮನೆಯೊಳಗೆ ಮೊದಲು ಕಾಲಿಡುತ್ತಿದ್ದದ್ದು ನೀಲಗಂಗಮ್ಮನ ಹಸು ಕಪಿಲೆ. ಕೆಂಪು ಮೈ, ಹಣೆಯಲ್ಲಿ ಬಿಳಿ ಚುಕ್ಕೆ. ಹೋಮದ ಹೊಗೆಗೂ ಬೆದರುತ್ತಿರಲಿಲ್ಲ, ಮೊಬೈಲ್ ಹಿಡಿದು ಮುತ್ತುವ ಜನಕ್ಕೂ ಬೆದರುತ್ತಿರಲಿಲ್ಲ. ಜೆ.ಪಿ. ನಗರದ ಪುರೋಹಿತರೇ ಫೋನ್ ಮಾಡಿ, "ಕಪಿಲೇನೇ ಕಳಿಸಿ ಅಮ್ಮ, ಬೇರೆ ಹಸು ಬೇಡ" ಅನ್ನುತ್ತಿದ್ದರು. ಹೊಲಗಳು ಸೈಟುಗಳಾಗಿ, ಸೈಟುಗಳು ಅಪಾರ್ಟ್‌ಮೆಂಟುಗಳಾದ ಮೇಲೆ ಆ ಬೀದಿಯಲ್ಲಿ ನೀಲಗಂಗಮ್ಮನನ್ನು ಜನ ಗುರುತಿಸುತ್ತಿದ್ದದ್ದು ಹಾಗೆಯೇ, ಕಪಿಲೆಯ ಮನೆಯವರು ಎಂದು.

ಆ ಕಪಿಲೆಯ ಮೂತಿಗೆ ಪಟ್ಟಿ ಕಟ್ಟಲು ಮಧುಶ್ರೀ ಎಂಬ ಹುಡುಗಿ ಬಂದಳು. ಸಂಶೋಧನೆ ಮಾಡುವವಳು. ಪಟ್ಟಿಯಿಂದ ಹೊರಟ ಸಣ್ಣ ಕೊಳವೆ ಹಸುವಿನ ಮೂಗಿನ ಹತ್ತಿರ ನಿಲ್ಲುತ್ತಿತ್ತು. ಇನ್ನೊಂದು ತುದಿ ಕೊರಳಿಗೆ ನೇತುಹಾಕಿದ ಡಬ್ಬಿಗೆ. ಹಸು ಬಿಟ್ಟ ಉಸಿರನ್ನು ಆ ಡಬ್ಬಿ ದಿನವಿಡೀ ಚೂರುಚೂರಾಗಿ ಹೀರಿಕೊಳ್ಳುತ್ತಿತ್ತು.

"ಹಸು ತೇಗಿದಾಗ ಮೀಥೇನ್ ಅಂತ ಒಂದು ಗ್ಯಾಸ್ ಬರುತ್ತಮ್ಮಾ. ಬಣ್ಣ ಇಲ್ಲ, ವಾಸನೆ ಇಲ್ಲ. ಮೇಲೆ ಹೋಗಿ ಭೂಮೀನ ಬಿಸಿ ಮಾಡುತ್ತೆ. ಎಷ್ಟು ಬರುತ್ತೆ ಅಂತ ಅಳೀಬೇಕು."

ನೀಲಗಂಗಮ್ಮ ಕನಕಪುರ ರಸ್ತೆಯ ಕಡೆ ನೋಡಿದಳು. ಅಲ್ಲಿ ಬಸ್ಸು, ಲಾರಿ, ಕಾರುಗಳು ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ನಿಂತಿದ್ದವು. "ಅಲ್ಲ ಕಣಮ್ಮ, ಅಷ್ಟು ಹೊಗೆ ಬಿಟ್ಟು ನಮ್ಮ ಕಪಿಲೆ ಉಸಿರೇ ಸಿಕ್ತಾ ನಿಂಗೆ?"

"ಅದನ್ನೂ ಅಳೀತಾರಮ್ಮಾ, ಬೇರೆಯವರು. ನನ್ನ ಪಾಲಿಗೆ ಬಂದಿರೋದು ಇದು." ಮಧುಶ್ರೀ ನಕ್ಕಳು. ಕೆಲವು ಹಸುಗಳಿಗೆ ಹುಣಸೆಬೀಜದ ಸಿಪ್ಪೆಯ ಪುಡಿಯನ್ನು ಮೇವಿಗೆ ಬೆರೆಸಿ ಕೊಟ್ಟು ಗ್ಯಾಸ್ ಕಡಿಮೆಯಾಗುತ್ತದೋ ಎಂದು ನೋಡುತ್ತಿದ್ದಳು. ಕಪಿಲೆಗೆ ಪುಡಿಯಿಲ್ಲ. ಅದು ಎಂದಿನಂತೆ ತಿನ್ನಬೇಕು, ಎಂದಿನಂತೆ ಇರಬೇಕು. ಉಳಿದವನ್ನು ಅದರ ಜೊತೆ ಹೋಲಿಸಿ ನೋಡುವುದು. "ಮೇವು ಮಾತ್ರ ಏನೂ ಬದಲಾಯಿಸ್ಬೇಡಿ" ಎಂದು ಹೇಳಿಹೋದಳು.

ಮೊದಲ ಸಲದ ಲೆಕ್ಕ ಬಂದಾಗ ಗೋಡೆಯಾಚೆಯ ಮುನಿಯಣ್ಣ ಸುಮ್ಮನಿರಲಾರದೆ, ಯಾರ ಹಸುವಿನದು ಹೆಚ್ಚು ಎಂದು ಕೇಳಿದ. ಅವನ ಹಸುವೂ ಪರೀಕ್ಷೆಯಲ್ಲಿತ್ತು. ಮಧುಶ್ರೀ ಮುಚ್ಚುಮರೆಯಿಲ್ಲದೆ, ಎಲ್ಲಕ್ಕಿಂತ ಹೆಚ್ಚು ಕಪಿಲೆಯದು ಅಂದಳು. ಅಷ್ಟು ಸಾಕಾಯಿತು.

"ಅಕ್ಕೋ, ನಿಮ್ ಕಪಿಲೆ ಫಸ್ಟ್ ರ‍್ಯಾಂಕಂತೆ! ಇನ್ಮೇಲೆ ಗೃಹಪ್ರವೇಶಕ್ಕೆ ಹೋದ್ರೆ ಹಾಲು ಉಕ್ಕಿಸೋಕೆ ಸಿಲಿಂಡರೇ ಬೇಡ ಬಿಡಿ!"

"ನಿನ್ ಬಾಯಿಗೆ ಮೊದ್ಲು ಪಟ್ಟಿ ಕಟ್ಟಿಸ್ಬೇಕು ಮುನಿಯಣ್ಣ" ಎಂದು ನೀಲಗಂಗಮ್ಮ ಬಾಯಿ ಮುಚ್ಚಿಸಿದಳು. ಆದರೆ ಹಾಲಿಗೆ ಬಂದವರೆಲ್ಲ ಅದೇ ಮಾತು ಆಡಿ ನಕ್ಕರು. ಅದರ ಹಿಂದೆಯೇ ಎದುರು ಬೀದಿಯ ಗೃಹಪ್ರವೇಶಕ್ಕೆ ಮುನಿಯಣ್ಣನ ಹಸು ಹೋಯಿತು. ಅವರು ಬೇರೆ ಯಾವ ಕಾರಣಕ್ಕೆ ಕರೆದರೋ ಏನೋ, ನೀಲಗಂಗಮ್ಮನಿಗೆ ಒಂದೇ ಕಾರಣ ಕಂಡಿತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಆ ಹಸು ಬಾಗಿಲ ಮುಂದೆಯೇ ಹಾದುಹೋದಾಗ ಅವಳು ಒಳಗೆ ಹೋಗಿ ಕೂತುಬಿಟ್ಟಳು.

ಹೊಟ್ಟೆಯಲ್ಲಿ ಗ್ಯಾಸಾದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಕ್ಕಳನ್ನೆಲ್ಲ ಓಮದ ನೀರು ಕುಡಿಸಿಯೇ ಬೆಳೆಸಿದವಳು. ಓಮ ಹುರಿದಳು, ಬೆಳ್ಳುಳ್ಳಿ ಜಜ್ಜಿದಳು, ಇಂಗು ಕದಡಿದಳು, ಮಜ್ಜಿಗೆಗೆ ಬೆರೆಸಿ ಬಿದಿರಿನ ಗೊಟ್ಟದಲ್ಲಿ ಕಪಿಲೆಯ ಬಾಯಿಗೆ ಹೊಯ್ದಳು. ಮೇವು ಬದಲಾಯಿಸಬೇಡಿ ಎಂದಿದ್ದಳಲ್ಲ ಹುಡುಗಿ? ಇದು ಮೇವಲ್ಲ, ಔಷಧಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಕಪಿಲೆ ತಲೆ ಕೊಡವಿತು, ಮೂತಿ ತಿರುಗಿಸಿತು. "ನಿನ್ ಹೆಸ್ರು ಉಳಿಸೋಕೆ ಕಣೇ, ಕುಡಿ" ಎಂದು ನೀಲಗಂಗಮ್ಮ ಬಿಡಲಿಲ್ಲ.

ಎರಡನೆಯ ಸಲದ ಲೆಕ್ಕ ತಂದ ದಿನ ಮಧುಶ್ರೀಯ ಮುಖದಲ್ಲಿ ಬೆರಗಿತ್ತು. "ಅಮ್ಮಾ, ಕಪಿಲೆದು ತುಂಬಾ ಇಳಿದುಬಿಟ್ಟಿದೆ. ಪುಡಿ ತಿಂದ ಹಸುಗಳಿಗಿಂತ ಕಡಿಮೆ!"

ನೀಲಗಂಗಮ್ಮನ ಎದೆ ಅರಳಿತು. ಗೋಡೆಯ ಕಡೆ ತಿರುಗಿ ಮುನಿಯಣ್ಣನನ್ನು ಕೂಗಬೇಕು ಅನ್ನುವಷ್ಟರಲ್ಲಿ ಹುಡುಗಿ ಗೋದಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದು ಕಂಡಿತು. ಗೋದಲಿಯ ತುಂಬ ಹುಲ್ಲು ಹಾಗೇ ಬಿದ್ದಿತ್ತು.

"ಯಾಕಮ್ಮಾ ತಿಂತಿಲ್ಲ? ಹಾಲು ಹೇಗಿದೆ?"

ಹಾಲು ಇಳಿದಿತ್ತು. ನೀಲಗಂಗಮ್ಮ ಅದನ್ನು ಸೆಕೆಯ ಮೇಲೆ ಹಾಕಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ನೋಡಿದರೆ ಕಪಿಲೆಯ ದವಡೆ ಆಡುತ್ತಿರಲಿಲ್ಲ. ಮೆಲುಕು ಹಾಕದೆ ಬರಿದೇ ನಿಂತಿತ್ತು, ಕಣ್ಣು ಎತ್ತಲೋ. ಔಷಧಿಯ ಮಾತು ಹೇಳದಿದ್ದರೆ ಹೆಸರು ಉಳಿಯುತ್ತದೆ. ಕಡಿಮೆ ಎಂದು ಕಾಗದದಲ್ಲೇ ಬಂದಿದೆ. ಗೋಡೆಯಾಚೆ ಮುನಿಯಣ್ಣ ಕೆಮ್ಮಿದ್ದು ಕೇಳಿಸಿತು. ಕಿವಿ ಇತ್ತಲೇ ಇಟ್ಟಿದ್ದಾನೆ. ನೀಲಗಂಗಮ್ಮ ಸೆರಗಿನಿಂದ ಕಪಿಲೆಯ ಮೂಗು ಒರೆಸಿದಳು. ತಡವಿದ ಕೈಗೆ ಬೆಳ್ಳುಳ್ಳಿ ನಾತ ಹತ್ತಿತು.

"ನಾನೇ ಕಷಾಯ ಹಾಕ್ದೆ ಕಣಮ್ಮ" ಅಂದಳು. "ಓಮ, ಬೆಳ್ಳುಳ್ಳಿ, ಇಂಗು. ಗ್ಯಾಸ್ ಕಮ್ಮಿ ಆಗ್ಲಿ ಅಂತ. ಎಲ್ರೂ ಆಡ್ಕೊಳ್ತಾ ಇದ್ರು."

ಮಧುಶ್ರೀ ಲೆಕ್ಕದ ಕಾಗದವನ್ನು ಮಡಚಿದಳು. ಬೈಯುತ್ತಾಳೆ ಎಂದುಕೊಂಡಳು ನೀಲಗಂಗಮ್ಮ. ಬೈದಿದ್ದರೆ ವಾಸಿಯಿತ್ತು.

"ಕಷಾಯಕ್ಕೆ ಕಡಿಮೆ ಆಯ್ತೋ, ತಿನ್ನದೇ ಇದ್ದಿದ್ದಕ್ಕೆ ಕಡಿಮೆ ಆಯ್ತೋ, ನನಗೆ ಗೊತ್ತಾಗಲ್ಲಮ್ಮಾ ಈಗ" ಎಂದಳು ಮಧುಶ್ರೀ. "ಹುಲ್ಲು ತಿಂದು, ಅದು ಹೊಟ್ಟೇಲಿ ಹುಳಿತು ಕರಗಿದ್ರೆ ತಾನೇ ಆ ಗ್ಯಾಸ್ ಬರೋದು. ಕಪಿಲೆಗೆ ಹೆಚ್ಚು ಬಂದಿದ್ದು ಯಾಕೆ ಅಂದ್ಕೊಂಡ್ರಿ? ಚೆನ್ನಾಗಿ ತಿಂತಿದ್ಲು. ಅದು ರೋಗ ಅಲ್ಲ."

"ಹಂಗಾದ್ರೆ ನೀನ್ಯಾಕೆ ಕಮ್ಮಿ ಮಾಡೋಕೆ ಹೊರಟಿದ್ದೀಯ?"

"ಅವಳು ಹೀಗೇ ತಿನ್ಬೇಕು, ಹೀಗೇ ಹಾಲು ಕೊಡ್ಬೇಕು. ಗ್ಯಾಸ್ ಮಾತ್ರ ಕಡಿಮೆ ಆಗ್ಬೇಕು. ಅದೇ ಕಷ್ಟ ನೋಡಿ." ಮಧುಶ್ರೀ ಎದ್ದು ನಿಂತಳು. "ಈ ಸಲದ್ದು ತೆಗೆದುಹಾಕ್ತೀನಿ. ಬೇಕಾದ್ರೆ ಕಪಿಲೇನ ಪರೀಕ್ಷೆಯಿಂದಲೇ ಬಿಟ್ಟುಬಿಡೋಣ. ನಿಮಗೂ ಬೇಜಾರು ಬೇಡ."

ನೀಲಗಂಗಮ್ಮ ಮೂಲೆಯಲ್ಲಿದ್ದ ಗೊಟ್ಟವನ್ನು ತೆಗೆದು ಅಟ್ಟದ ಮೇಲೆ ಎಸೆದಳು. "ಬಿಡ್ಬೇಡ. ಅವಳು ಸುಧಾರಿಸ್ಕೊಳ್ಳಲಿ, ಮತ್ತೆ ಬಂದು ಕಟ್ಟು. ಹೆಚ್ಚು ಬಂದ್ರೆ ಹೆಚ್ಚು ಅಂತ್ಲೇ ಬರ್ಕೋ."

"ಮುನಿಯಣ್ಣ ಕೇಳ್ತಾರೆ."

"ಕೇಳ್ಲಿ. ಅವನ ಹಸು ತಿನ್ನಲ್ಲ ಅಂತ ನಾನೂ ಹೇಳ್ತೀನಿ" ಎಂದಳು, ಗೋಡೆಗೆ ಕೇಳಿಸುವ ಹಾಗೆ.

ಹುಡುಗಿ ಹೋದ ಮೇಲೆ ನೀಲಗಂಗಮ್ಮ ಕೊಟ್ಟಿಗೆಯಲ್ಲೇ ಕೂತಳು. ಹಳೆಯ ಹುಲ್ಲು ಗೋರಿ ತೆಗೆದು ಹಸಿ ಜೋಳದ ಸಪ್ಪೆ ಹಾಕಿದಳು. ಕಪಿಲೆ ಮೂಸಿತು, ಬಿಟ್ಟಿತು. ಅಪಾರ್ಟ್‌ಮೆಂಟಿನ ನೆರಳು ಅಂಗಳ ದಾಟಿ ಕೊಟ್ಟಿಗೆಗೆ ಬರುವ ಹೊತ್ತಿಗೆ ಒಂದು ದಂಟು ಎಳೆದುಕೊಂಡಿತು. ಆಮೇಲೆ ಇನ್ನೊಂದು. ನೀಲಗಂಗಮ್ಮ ಅದರ ಕೊರಳಿಗೆ ಕೈಯಿಟ್ಟು ಕಾದಳು. ಬಹಳ ಹೊತ್ತಾದ ಮೇಲೆ ಕೈಯ ಅಡಿಯಲ್ಲಿ ಏನೋ ಉಂಡೆ ಮೇಲಕ್ಕೆ ಜಾರಿತು, ಅದರ ಹಿಂದೆಯೇ ಒಂದು ದೊಡ್ಡ ತೇಗು ಬಂತು. ದವಡೆ ಆಡತೊಡಗಿತು.

ತೇಗಿಗೆ ಇನ್ನೂ ಬೆಳ್ಳುಳ್ಳಿ ವಾಸನೆಯಿತ್ತು. ನೀಲಗಂಗಮ್ಮ ಮುಖ ತಿರುಗಿಸಲಿಲ್ಲ.