ಫ್ರಿಜ್ಜಿನ ಬಾಗಿಲು

ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಳೆಯ ಫ್ರಿಜ್ಜಿಗೆ ನಾನು ಸಿಕ್ಕಿಸಿದ್ದ ಮೀಟರು ಒಳಗಿನ ತೇವಾಂಶ ಶೇಕಡಾ 44 ಎಂದು ತೋರಿಸುತ್ತಿತ್ತು. ಇರಬೇಕಾದದ್ದು 70. ಆ ವಾರದಲ್ಲಿ ಹೀಗಾಗಿದ್ದು ಅದೇ ಮೊದಲಲ್ಲ.

ಆ ಫ್ರಿಜ್ ತಣ್ಣಗೆ ಮಾಡುವುದನ್ನು ಎಂದೋ ಮರೆತಿತ್ತು. ಅದರೊಳಗೆ ನೀರು ತುಂಬಿದ ಒಂದು ವಿದ್ಯುತ್ ಪಾತ್ರೆ, ಶಾಖ ಐವತ್ತು ಡಿಗ್ರಿ ದಾಟದಂತೆ ತಡೆಯುವ ಒಂದು ಸಾಧನ, ಮೇಲೆ ಸಾಲಾಗಿ ತೂಗಿದ ತಂಬಾಕು. ಹಿತ್ತಲಲ್ಲಿ ನಾನೇ ಬೆಳೆಸಿದ್ದು. ಹೂ ಚಿವುಟಿ, ಹುಳ ಹೆಕ್ಕಿ, ಎಲೆಗಳನ್ನು ಶೆಡ್ಡಿನಲ್ಲಿ ಕಂದುಬಣ್ಣ ಬರುವವರೆಗೆ ನೇತುಹಾಕಿ, ಕೊನೆಗೆ ಇಲ್ಲಿಗೆ ತಂದಿದ್ದೆ. ಬಿಸಿ ಮತ್ತು ತೇವ ಒಟ್ಟಿಗಿದ್ದರೆ ಎಲೆಯ ಹಸಿ ಘಾಟು ಅಮೋನಿಯಾ ಆಗಿ ಹೊರಬರುತ್ತದೆ. ಅದು ಪೂರ್ತಿ ಹೋದ ಮೇಲೆಯೇ ಎಲೆಗೆ ಹದ, ಜೇನಿನಂಥ ವಾಸನೆ. ಒಣಗಿತೋ, ಕೆಲಸ ಅಲ್ಲಿಗೇ ನಿಲ್ಲುತ್ತದೆ; ಮುಟ್ಟಿದರೆ ಎಲೆ ಹಪ್ಪಳದಂತೆ ಪುಡಿ.

ಬಾಗಿಲಿನ ರಬ್ಬರು ಬದಲಿಸಿದೆ. ಸಂದಿಗಳಿಗೆ ಮೇಣ ತುಂಬಿದೆ. ಮೀಟರೇ ಸುಳ್ಳು ಹೇಳುತ್ತಿರಬಹುದೆಂದು, ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಲ್ಯಾಬಿಗೆ ಒಯ್ದು ಪರೀಕ್ಷಿಸಿದೆ. ಅದು ಸುಳ್ಳು ಹೇಳುವ ಜಾತಿಯದಲ್ಲ.

"ಇನ್ನೂ ಆಗಿಲ್ವೇನೇ?" ಅಪ್ಪ ಟೀ ಲೋಟ ಹಿಡಿದು ಬಂದ. "ಭಾನುವಾರ ಕತ್ತರಿ ಬರ್ತಾನೆ."

ಕತ್ತರಿ ಎಂದರೆ ಸಿಗಾರ್ ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಮೇಜಿನವರು. ಅಪ್ಪ ಸುತ್ತುತ್ತಿದ್ದ, ಅವರು ಎಲೆ ಕತ್ತರಿಸುತ್ತಿದ್ದರು. ಈಗ ಇಬ್ಬರೂ ನಿವೃತ್ತರು. ನನ್ನ ಬೆಳೆಯ ಸುದ್ದಿ ಕೇಳಿ ಅವರು ಫೋನಿನಲ್ಲಿ ನಕ್ಕಿದ್ದರು: "ಹಿತ್ತಲ ಸೊಪ್ಪು ಸುತ್ತಿ ಸಿಗಾರ್ ಅಂತೀಯಾ? ಮೇಕೆಗೆ ಹಾಕೋ!" ಅಪ್ಪನಿಗೆ ಮೈಯೆಲ್ಲ ಉರಿದು, ಬಂದು ಸೇದಿ ನೋಡಿ ಆಮೇಲೆ ಮಾತಾಡು ಎಂದು ಕರೆದೇಬಿಟ್ಟಿದ್ದ. ಹಾಗಾಗಿ ನನ್ನ ಇಡೀ ಬೆಳೆ, ಅಪ್ಪನ ಮುಖ, ಎರಡೂ ಆ ಫ್ರಿಜ್ಜಿನೊಳಗೆ ತೂಗುತ್ತಿದ್ದವು.

ಆಫೀಸಿಗೆ ಹೊರಡುವ ಮುನ್ನ ಬಾಗಿಲ ಸಂದಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿದೆ. ಸಂಜೆ ಬಂದು ನೋಡಿದರೆ ಪಟ್ಟಿ ಹರಿದಿತ್ತು. ಅದರ ಮೇಲೆ ಇನ್ನೊಂದು ಪಟ್ಟಿ, ಸೊಟ್ಟಗೆ, ಅನ್ನದ ಅಗುಳಿನಿಂದ ಅಂಟಿಸಿದ್ದು.

"ಅಪ್ಪಾ!"

"ಏನು?"

"ಬಾಗಿಲು ಯಾಕೆ ತೆಗೀತೀಯ?"

"ಮೂಸಿ ನೋಡ್ದೆ ಹದ ಹೆಂಗೆ ಗೊತ್ತಾಗುತ್ತೆ? ನಿನ್ನ ಗಡಿಯಾರಕ್ಕೆ ಮೂಗಿದೆಯಾ?"

"ಅದು ಗಡಿಯಾರ ಅಲ್ಲ! ದಿನಾ ತೆಗೆದ್ರೆ ಎಲೆ ಒಣಗುತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ಬಡ್ಕೊಂಡಿದ್ದು ಸಾಕು. ಆಗಿದೆ, ಇಳಿಸು. ನಾಳೆ ಸುತ್ತೋಕೆ ಕೂರ್ತೀನಿ."

ಸಿಟ್ಟಿನಿಂದಲೇ ಬಾಗಿಲು ಎಳೆದೆ. ಅಮೋನಿಯಾ ಮುಖಕ್ಕೆ ಹೊಡೆಯಿತು. ಉಸಿರು ಕಟ್ಟಿ ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ಕುತ್ತಿಗೆಯವರೆಗೂ ತಲೆ ಒಳಗೆ ತೂರಿಸಿ, ನಿಧಾನವಾಗಿ ಉಸಿರೆಳೆದುಕೊಂಡ.

"ಜೇನು," ಎಂದ. "ಜೇನಿನ ಥರ ಇದೆ ನೋಡು."

ಅವನ ಎರಡೂ ಕಣ್ಣುಗಳಿಂದ ನೀರು ಸುರಿಯುತ್ತಿತ್ತು. ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿಕೊಂಡು, "ಸೆಕೆ" ಎಂದ.

ನಾನು ಬಾಗಿಲು ಮುಚ್ಚಿದೆ.

"ಯಾವಾಗಿಂದ ವಾಸನೆ ಬರ್ತಿಲ್ಲ ಅಪ್ಪ?"

ಅವನು ಟವೆಲು ಮಡಿಸಿದ. ಮತ್ತೆ ಬಿಡಿಸಿ ಮಡಿಸಿದ. "ಆ ಜ್ವರ ಬಂದು ಹೋಯ್ತಲ್ಲ, ಆವಾಗಿಂದ."

"ಮತ್ತೆ ದಿನಾ ಮೂಸಿ ಏನು ನೋಡ್ತೀಯ?"

"ಎಲೆ ಅಲ್ಲ ಪುಟ್ಟಿ, ಮೂಗು. ಇವತ್ತು ಬಂದಿದೆಯಾ ಅಂತ. ಬಂದ್ರೆ ಮೊದಲು ಬರೋದು ತಂಬಾಕಿನ ವಾಸನೇನೇ ಅನ್ಸುತ್ತೆ." ಆಮೇಲೆ ತಟ್ಟನೆ, "ಕತ್ತರಿಗೆ ಹೇಳಿದ್ಯೋ, ಜೋಕೆ!"

ಅಮೋನಿಯಾ ಇನ್ನೂ ಹೋಗದ ಈ ಎಲೆಯಲ್ಲಿ ಸುತ್ತಿದ ಸಿಗಾರನ್ನು ಕತ್ತರಿ ಒಂದು ಸಲ ಎಳೆದರೆ ಸಾಕಿತ್ತು, ಎಲ್ಲ ಬಯಲಾಗುತ್ತಿತ್ತು. ನಾನು ಫೋನು ಅಪ್ಪನ ಕೈಗೆ ಕೊಟ್ಟೆ. "ಮಗಳ ಫ್ರಿಜ್ ಕೆಟ್ಟಿದೆ, ಇನ್ನೊಂದು ತಿಂಗಳು ಬೇಕು ಅಂತ ಹೇಳು."

ಇಷ್ಟು ಹೇಳಿಕೊಟ್ಟರೆ ಅಪ್ಪ ಅಷ್ಟಕ್ಕೇ ನಿಲ್ಲಿಸಬೇಕಲ್ಲ! "ಏನು ಹೇಳಲೋ ಕತ್ತರಿ," ಎಂದು ಇಡೀ ಬೀದಿಗೆ ಕೇಳುವಂತೆ ಶುರುಮಾಡಿದ, "ಇಷ್ಟು ಓದಿಸಿದೆ, ಒಂದು ಫ್ರಿಜ್ ಬಾಗಿಲು ನೆಟ್ಟಗೆ ಹಾಕೋಕೆ ಬರಲ್ಲ ಇವಳಿಗೆ! ಎಲೆ ಮಾತ್ರ ಬಂಗಾರ, ಬಂಗಾರ!"

ಆ ಕಡೆಯಿಂದ ನಗು ಕೇಳಿಸಿತು. ನಾನು ಹಲ್ಲು ಕಚ್ಚಿಕೊಂಡು ಪಾತ್ರೆಗೆ ನೀರು ತುಂಬಿಸಿದೆ. ಮೀಟರು 39ಕ್ಕೆ ಇಳಿದಿತ್ತು. ಮತ್ತೆ ಮೊದಲಿನಿಂದ.

ಬಾಗಿಲು ತೆಗೆಯಬೇಡ ಎಂದರೆ ಅಪ್ಪ ಕೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಕೇಳಲಿ ಎಂಬ ಆಸೆ ಈಗ ನನಗೂ ಉಳಿದಿರಲಿಲ್ಲ.

ಶನಿವಾರ ಡ್ರಿಲ್ ತಂದೆ, ಒಂದು ಬಾಟಲಿಯ ಬಿರಡೆಯನ್ನೂ ಹುಡುಕಿಟ್ಟೆ. ಬಾಗಿಲಿಗೆ ತೂತು ಕೊರೆದರೆ ತೊಂದರೆಯಿಲ್ಲ, ಅದರೊಳಗೆ ಗ್ಯಾಸಿನ ಕೊಳವೆಗಳಿರುವುದಿಲ್ಲ. ತೂತಿಗೆ ಬಿರಡೆ ಜಡಿದರೆ ತೇವ ಒಳಗೇ ನಿಲ್ಲುತ್ತದೆ. ಬಿರಡೆ ಕಿತ್ತರೆ ಬಾಗಿಲು ತೆಗೆಯದೆಯೇ ಅಪ್ಪ ಮೂಸಬಹುದು. ಅಪ್ಪನನ್ನು ಫ್ರಿಜ್ಜಿನೆದುರು ನಿಲ್ಲಿಸಿ ಅಳತೆಪಟ್ಟಿ ಹಿಡಿದೆ.

"ಏನೇ ಇದು, ನನ್ನನ್ನ ಪೊಲೀಸಿಗೆ ಸೇರಿಸ್ತೀಯಾ?"

"ಅಲ್ಲಾಡಬೇಡ. ಬೆನ್ನು ನೆಟ್ಟಗೆ ಮಾಡಬೇಡ, ದಿನಾ ಹೆಂಗೆ ನಿಲ್ತೀಯೋ ಹಂಗೆ ನಿಲ್ಲು."

ನೆಲದಿಂದ ಅವನ ಮೂಗಿಗೆ ನೂರ ನಲವತ್ತೊಂದು ಸೆಂಟಿಮೀಟರ್.