ಬಿಂದಿಗೆ ಕೂತ ಸೀಟು

ಹೊಳೆನರಸೀಪುರದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ದೇವರಾಜುವಿಗೆ ಹುಚ್ಚು ಹಿಡಿದದ್ದು ನಲವತ್ತರ ಹತ್ತಿರದಲ್ಲಿ. ಹೆಣ್ಣಿನ ಹುಚ್ಚಲ್ಲ, ಇಸ್ಪೀಟಿನ ಹುಚ್ಚಲ್ಲ. ಅವಾದರೂ ಎಷ್ಟೋ ವಾಸಿ, ಊರಿಗೆ ಪರಿಚಯವಿದ್ದ ಕಾಯಿಲೆಗಳು. ಸಕಲೇಶಪುರದ ಕಡೆಯ ಬಿಳಿ ದೊರೆಯೊಬ್ಬ ಕಾಫಿ ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ. ಅವನು ಹರೆಯದಲ್ಲಿ ಹಡಗಿನ ಮೇಲೆ ತರಿಸಿಕೊಂಡಿದ್ದ ರೇಸು ಕಾರು ಕೊಳ್ಳುವವರಿಲ್ಲದೆ ನಿಂತಿತ್ತು. ಕೊಬ್ಬರಿ ವ್ಯಾಪಾರಕ್ಕೆಂದು ಬಸ್ಸಿನಲ್ಲಿ ಹೋದ ದೇವರಾಜು ಆ ಕಾರಿನಲ್ಲಿ ಕೂತು ವಾಪಸು ಬಂದ. ಹಸಿರು ಬಣ್ಣ, ಉದ್ದನೆಯ ಮೂತಿ, ಮೇಲೆ ಚಾವಣಿಯಿಲ್ಲ, ಇರುವುದೇ ಎರಡು ಸೀಟು, ಬೆನ್ನಿಗೆ ಪಟ್ಟಿಯಿಂದ ಬಿಗಿದ ಒಂದು ಸ್ಟೆಪ್ನಿ ಚಕ್ರ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಕಾರು ಅದಕ್ಕಿಂತ ಹಳೆಯದು.

"ದನ ಕೊಂಡ್ರೆ ಅಲ್ಲು ನೋಡಿ ಕೊಳ್ತಾರೆ ಕಣ್ಲಾ. ನೀನೇನು ನೋಡ್ದೆ?" ಎಂದು ಜಗಲಿಯ ಮೇಲಿನಿಂದ ಅವನ ತಾಯಿ ಬೆಟ್ಟಮ್ಮ ಕೇಳಿದಳು. ದೇವರಾಜು ನಕ್ಕ. ಆಗಿನ್ನೂ ನಗು ಬರುತ್ತಿತ್ತು.

ಟೈರು ಸವೆದರೆ ಮದ್ರಾಸಿನಲ್ಲಿ ಹುಡುಕಬೇಕು. ಒಳಗಿನ ಸಾಮಾನು ಮುರಿದರೆ ಈ ದೇಶದಲ್ಲೇ ಸಿಗದು. ಹಾಸನದ ಲೇತಿನಲ್ಲಿ ಹಿತ್ತಾಳೆ ಕಡೆಸಿ ಹಾಕಬೇಕು, ಅದು ನಾಲ್ಕು ಸಲ ಓಡಾಡುವುದರೊಳಗೆ ತೇದು ಕೂರಬೇಕು. ಎಣ್ಣೆಯಂತೂ ನಿಂತ ಕಡೆಯೆಲ್ಲ ತೊಟ್ಟಿಕ್ಕುತ್ತಿತ್ತು. ರೇಡಿಯೇಟರು ಸೋರುತ್ತಿದ್ದುದರಿಂದ ಎಲ್ಲಿಗೆ ಹೊರಟರೂ ಪಕ್ಕದ ಸೀಟಿನಲ್ಲಿ ಒಂದು ತಾಮ್ರದ ಬಿಂದಿಗೆ ನೀರು ಜೊತೆಗೆ ಹೊರಡಬೇಕು. ಮೊದಲು ಗಾಡಿಯೆತ್ತಿನ ಜೋಡಿ ಮನೆ ಬಿಟ್ಟಿತು. ಆಮೇಲೆ ಹೊಳೆ ದಂಡೆಯ ತೆಂಗಿನ ಸಾಲು ಹೋಯಿತು. ಆಮೇಲೆ ಹೆಂಡತಿ ಮುಖ ಕೊಟ್ಟು ಮಾತಾಡುವುದು ನಿಂತಿತು. ಇಷ್ಟನ್ನೂ ದೇವರಾಜು ಕಾರಿನ ಖರ್ಚು ಎಂದುಕೊಂಡಿದ್ದ. ಪಾಪ, ಅವನಿಗೆ ಲೆಕ್ಕ ಬರುತ್ತಿತ್ತು ಅಷ್ಟೆ, ಬುದ್ಧಿ ಬಂದಿರಲಿಲ್ಲ.

ಸೆಲ್ಫು ಸುಟ್ಟುಹೋದ ಮೇಲೆ ಮುಂದುಗಡೆಯಿಂದ ಹ್ಯಾಂಡಲ್ ಹೊಡೆದೇ ಎಂಜಿನ್ನು ಎಬ್ಬಿಸಬೇಕಾಯಿತು. ಹೊಡೆಯುವವನು ಚಲುವಯ್ಯ. ಕೇರಿಯವನು, ಅವನಪ್ಪನ ಕಾಲದಿಂದಲೂ ಆ ಮನೆಯ ತೋಟದ ಆಳುಗಳು. ಕಾರು ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲುತ್ತಿದ್ದುದರಿಂದ ಚಲುವಯ್ಯ ಜೊತೆಯಲ್ಲೇ ಇರಬೇಕು. ಆದರೆ ಮನೆಯ ಜಗಲಿಯನ್ನೇ ಹತ್ತದ ಕೇರಿಯವನು ಯಜಮಾನನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುವುದುಂಟೆ? ಕೂರಬೇಡ ಎಂದು ಯಾರೂ ಹೇಳಲಿಲ್ಲ, ಕೂರಲಾ ಎಂದು ಅವನೂ ಕೇಳಲಿಲ್ಲ. ಮೊದಲನೇ ದಿನವೇ ಸುಮ್ಮನೆ ಹಿಂದಕ್ಕೆ ಹೋಗಿ ಸ್ಟೆಪ್ನಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಟವಲಿನಿಂದ ಸೊಂಟವನ್ನು ಅದರ ಪಟ್ಟಿಗೆ ಬಿಗಿದುಕೊಂಡ. ಅದೇ ಪದ್ಧತಿಯಾಗಿಹೋಯಿತು. ಅರಕಲಗೂಡಿಗೆ ಹೋದರೂ ಹಾಗೆ, ಚನ್ನರಾಯಪಟ್ಟಣಕ್ಕೆ ಹೋದರೂ ಹಾಗೆ. ಮುಂದೆ ಯಜಮಾನ, ಪಕ್ಕದಲ್ಲಿ ಬಿಂದಿಗೆ, ಹಿಂದೆ ಧೂಳು ಕುಡಿಯುತ್ತ ಚಲುವಯ್ಯ.

ಚಲುವಯ್ಯನ ಹೆಂಡತಿ ಮಾದಮ್ಮ ಒಂದು ಸಲ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೇರವಾಗಿಯೇ ಅಂದಳು. "ಬಿಂದ್ಗೆಗೆ ಸೀಟು, ನನ್ ಗಂಡನ್ಗೆ ಸ್ಟೆಪ್ನಿ. ಬೋ ಚೆಂದಾಗೈತೆ ಬುದ್ದಿ ನಿಮ್ಮ ಮೋಟ್ರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕ್ಟ. ಒಂದಿನ ಇವ್ನು ಬಿದ್ದು ಸತ್ರೆ ನಿಮಗೆ ಗೊತ್ತೂ ಆಗಾಕಿಲ್ಲ."

"ಸುಮ್ಕಿರಮ್ಮಿ," ಎಂದು ಚಲುವಯ್ಯನೇ ಗದರಿದ. ದೇವರಾಜು ಕೇಳಿಸದವನಂತೆ ಬಾನೆಟ್ಟು ಒರೆಸಿದ.

ಕೇಳಿಸಿರಲಿಲ್ಲವೆಂದಲ್ಲ. ಚನ್ನರಾಯಪಟ್ಟಣದಿಂದ ಬರುವಾಗ ಒಂದು ಸಲ ಆಲಿಕಲ್ಲು ಮಳೆ ಹೊಡೆದಿತ್ತು. ಹಿಂದೆ ಚಲುವಯ್ಯ ಹಲ್ಲು ಕಟಕಟ ಎನಿಸುತ್ತಿದ್ದ. 'ಬಾರ್ಲಾ ಮುಂದ್ಕೆ' ಎಂಬ ಎರಡು ಮಾತು ದೇವರಾಜುವಿನ ಗಂಟಲವರೆಗೆ ಬಂತು. ಅಷ್ಟರಲ್ಲಿ ಊರಿನ ಮೊದಲ ಮನೆಗಳು ಕಂಡವು. ಮಾತು ಹಾಗೇ ಒಳಗೆ ಹೋಯಿತು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಸೇರಿತು.

ಹೀಗೇ ಮೂರು ವರ್ಷ ನಡೆಯಿತು. ಆಷಾಢ ಕಳೆದ ಮೇಲೆ ಅರಕಲಗೂಡಿನಿಂದ ಭಾವಮೈದ ಚನ್ನಪ್ಪ ಬಂದ. ಈ ಹಳೇ ಡಬ್ಬ ಇನ್ನೂ ಉಸಿರಾಡುತ್ತದೆಯೇ ಎಂದು ಚೇಷ್ಟೆ ಮಾಡಿದ. ದೇವರಾಜುವಿಗೆ ರೇಗಿತು. ಮಂಡಿಯ ಮುಂದೆಯೇ ಕಾರು ಹತ್ತಿ ಕೂತು, "ಒಡೀಲಾ ಚಲುವ!" ಎಂದು ಕೂಗಿದ. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿಯುಂಟು. ಹ್ಯಾಂಡಲ್ ಹೊಡೆಯುವ ಮೊದಲು ಕೂತವನು ಅದನ್ನು ಹಿಂದಕ್ಕೆ ಎಳೆದಿರಬೇಕು. ಇಲ್ಲದಿದ್ದರೆ ಎಂಜಿನ್ನು ಹ್ಯಾಂಡಲನ್ನು ತಿರುಗಿಸಿ ಒದೆಯುತ್ತದೆ. ಪ್ರತಿ ಸಲ ಎಳೆಯುತ್ತಿದ್ದ ದೇವರಾಜು ಅವತ್ತು ಭಾವಮೈದನ ಮುಖ ನೋಡುತ್ತಿದ್ದ.

ಹಸಿ ಕೊಂಬೆ ಮುರಿದಂತೆ ಲಟಕ್ಕೆಂಬ ಸದ್ದಾಯಿತು. ಚಲುವಯ್ಯ ಕೂಗಲಿಲ್ಲ. ಬಲ ಮುಂಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕುಸಿದ. "ತೆಪ್ಪು ನಂದೇ ಬುದ್ದಿ, ಉಸಾರಾಗಿರ್ಬೇಕಿತ್ತು," ಎಂದ. ದೇವರಾಜು ಆ ಕಡ್ಡಿಯನ್ನು ನೋಡಿದ. ಯಾರ ತಪ್ಪೆಂದು ಅದು ನೆಟ್ಟಗೆ ನಿಂತು ಹೇಳುತ್ತಿತ್ತು. ಅವನು ಬಾಯಿ ಬಿಡಲಿಲ್ಲ.

ಊರಿನ ಡಾಕ್ಟರು ನೋಡಿ ತಲೆಯಾಡಿಸಿದರು. "ಮೂಳೆ ಎರಡು ಕಡೆ ಮುರಿದಿದೆ. ಬೆರಳು ಆಗಲೇ ನೀಲಿ ತಿರುಗ್ತಾ ಇದೆ. ಹಾಸನಕ್ಕೆ ಕರ್ಕೊಂಡು ಹೋಗಿ, ತಡ ಮಾಡಿದರೆ ಈ ಕೈ ಆಸೆ ಬಿಡಬೇಕಾಗತ್ತೆ." ಕೂಲಿಯವನಿಗೆ ಬಲಗೈ ಹೋದರೆ ಉಳಿಯುವುದೇನು? ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾದಮ್ಮ ಓಡಿಬಂದವಳು ಕಾರಿನ ಕಡೆ ಕೈ ತೋರಿಸಿ, "ಇಷ್ಟು ದಿನ ಅದುಕ್ಕೆ ದುಡ್ದವ್ನೆ. ಇವತ್ತೊಂದಿನ ಅದು ಇವ್ನಿಗೆ ದುಡೀಲಿ ಬುದ್ದಿ," ಎಂದಳು.

ಕಾರು ತಂದು ಬೀದಿಯಲ್ಲಿ ನಿಲ್ಲಿಸಿದ್ದಾಯಿತು. ಅಂಗಡಿಯವರು, ಗಾಡಿಯವರು, ಚನ್ನಪ್ಪ, ಎಲ್ಲರೂ ನೆರೆದಿದ್ದರು. ಪಕ್ಕದ ಸೀಟಿನಲ್ಲಿ ಬಿಂದಿಗೆ ಇತ್ತು. ದೇವರಾಜು ಅದನ್ನು ಎತ್ತಿ ಕೆಳಗಿಡಬೇಕು, ಇವನನ್ನು ಕೂರಿಸಬೇಕು. ಅಷ್ಟೇ ಕೆಲಸ. ಕೈ ಬಿಂದಿಗೆಯ ಕಂಠದವರೆಗೆ ಹೋಯಿತು. ಇಡೀ ಬೀದಿ ತನ್ನ ಕೈಯನ್ನೇ ನೋಡುತ್ತಿದೆ ಎನಿಸಿತು.

ಮಂಡಿಯ ಪಕ್ಕದ ಮನೆ ಜಗಲಿಯಿಂದ ಬೆಟ್ಟಮ್ಮ ಕೂಗಿದಳು. "ಏನ್ಲಾ ನೋಡ್ತಾ ನಿಂತಿದ್ದೀಯೆ? ಒಂದು ಗೋಣಿತಾಟಾದ್ರೂ ಆಸಿ ಕೂರಿಸ್ಲಾ!"

ಯಾರೋ ಕಿಸಕ್ಕನೆ ನಕ್ಕರು. ಚಲುವಯ್ಯನ ಮುಖ ಕಪ್ಪಿಟ್ಟಿತು. "ಬ್ಯಾಡಿ ಬುದ್ದಿ. ನಾನು ಇಂದ್ಕೇ ಕುಂತ್ಕತೀನಿ, ಅಭ್ಯಾಸ ಐತೆ," ಎಂದವನೇ ಹೋಗಿ ಒಂದೇ ಕೈಯಲ್ಲಿ ಸ್ಟೆಪ್ನಿ ಹತ್ತಿದ. ಟವಲು ಬಿಗಿಯಲು ಆಗಲಿಲ್ಲ, ಸುಮ್ಮನೆ ಸುತ್ತಿಕೊಂಡ.

ದೇವರಾಜುವಿನ ಎದೆಯಿಂದ ಒಂದು ಉಸಿರು ಹೊರಬಿತ್ತು. ಅಬ್ಬ, ಸದ್ಯ! ಆ ಉಸಿರಿನ ನೆನಪಾದಾಗಲೆಲ್ಲ ಮುಂದೆ ಅವನಿಗೆ ತನ್ನ ಮೈ ಮೇಲೆಯೇ ಅಸಹ್ಯವಾಗುತ್ತಿತ್ತು.

"ಅಯ್ಯೋ ನನ್ನಪ್ಪಾ, ಇಳೀಯೋ!" ಎಂದು ಮಾದಮ್ಮ ಅತ್ತಳು. ಅಷ್ಟರಲ್ಲಿ ನಾಲ್ಕು ಜನ ಕಾರು ತಳ್ಳಿದರು. ಎಂಜಿನ್ನು ಎದ್ದಿತು.

ಹಾಳಾದ್ದು, ಅವತ್ತು ಕಾರು ಓಡಿದಂತೆ ಎಂದೂ ಓಡಿರಲಿಲ್ಲ! ಕೆಮ್ಮಲಿಲ್ಲ, ಬಿಸಿಯಾಗಲಿಲ್ಲ. ಮೊದಮೊದಲು ದೇವರಾಜು ಗುಂಡಿ ತಪ್ಪಿಸಿ ಮೆಲ್ಲಗೆ ಹೊಡೆದ. ಬೇಗ ಮುಟ್ಟಿಸಬೇಕಲ್ಲ ಎಂದು ಆಮೇಲೆ ಸ್ವಲ್ಪ ಜೋರು ಮಾಡಿದ. ಮೊಸಳೆಹೊಸಹಳ್ಳಿ ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು. ಗಾಳಿ ಮುಖಕ್ಕೆ ಬಡಿಯಿತು, ಎಂಜಿನ್ನು ಹಾಡಿಕೊಂಡಂತೆ ಕೇಳಿಸಿತು, ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಒಂದಷ್ಟು ದೂರ ದೇವರಾಜು ಸಂತೋಷವಾಗಿದ್ದ. ಯಾಕೆ ಹೊರಟಿದ್ದೇನೆಂಬುದೇ ಮರೆತು ಹೋಗಿತ್ತು.

ಹಾಸನದ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿ, "ಇಳೀಲಾ ಚಲುವ, ಬಂದ್ಬುಟ್ಟೋ," ಎಂದು ತಿರುಗಿದ. ಸ್ಟೆಪ್ನಿಯ ಪಟ್ಟಿಗೆ ಸಿಕ್ಕಿಕೊಂಡು ಟವಲು ಜೋತಾಡುತ್ತಿತ್ತು. ಚಲುವಯ್ಯ ಇರಲಿಲ್ಲ.

ಮಾದಮ್ಮ ಅಂದ ಮಾತು ದೇವರಾಜುವಿನ ಕಿವಿಯಲ್ಲಿ ಕೂಗಿತು. ಎಂಜಿನ್ನು ಆರಿಸದೆ ಹಾಗೇ ತಿರುಗಿಸಿ ಬಂದ ದಾರಿಯಲ್ಲೇ ಹೊರಟ. ಕಣ್ಣೆಲ್ಲ ರಸ್ತೆ ಪಕ್ಕದ ಚರಂಡಿಯಲ್ಲಿ. ಪ್ರತಿ ಮೋರಿಯಲ್ಲೂ ಹೆಣ ಕಂಡಂತಾಗುತ್ತಿತ್ತು. ನಮ್ಮಪ್ಪಾ ರಂಗನಾಥ, ಇವನೊಬ್ಬನನ್ನು ಉಳಿಸು, ಈ ಕಾರನ್ನು ಹೊಳೆಗೆ ನೂಕುತ್ತೇನೆ ಎಂದು ಹರಕೆ ಹೊತ್ತ. ಎದುರಿನಿಂದ ಬಸ್ಸು ಬಂತು. ಪಕ್ಕಕ್ಕೆ ಸರಿದು ಅದರ ಧೂಳು ಕುಡಿದು, ಬಯ್ದುಕೊಂಡು ಮುಂದೆ ಹೋದ. ನೀರು ಕುದಿಯಿತು, ಬಿಂದಿಗೆಯನ್ನು ಬರಿದು ಮಾಡಿದ. ಮೊಸಳೆಹೊಸಹಳ್ಳಿಯ ಟೀ ಅಂಗಡಿಯವನು ಕಾರಿನ ಮುಂದೆ ಬಂದು ನಿಂತು ಕೈ ಅಡ್ಡ ಹಿಡಿದ.

"ಕೈ ಮುರ್ಕಂಡವ್ನ ಉಡುಕ್ತಿದ್ದೀರಾ ಸಾ? ದಿಬ್ಬದ ತಾವ ಕಾರು ನಿಧಾನ ಆದಾಗ ಜಾರಿ ಇಳ್ಕಂಡ್ನಂತೆ. 'ನಿಲ್ಸಿ, ನಿಲ್ಸಿ' ಅಂತ ಬಡ್ಕಂಡ್ರೂ ನಿಮಗೆ ಕೇಳ್ಲಿಲ್ವಂತೆ. ನಡ್ಕಂಡು ಇಲ್ಲೀಗಂಟ ಬಂದಿದ್ದ. ಈಗ ಓಯ್ತಲ್ಲ ಬಸ್ಸು, ಅದ್ರಾಗೆ ಅವ್ನ ಎಂಡ್ರಿದ್ಲು. ಅವ್ಳೇ ಅತ್ತಿಸ್ಕಂಡ್ಲು."

ದೇವರಾಜು ಸ್ಟೇರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟ. ಬದುಕಿದ್ದಾನೆ ಎಂಬ ಸಂತೋಷಕ್ಕೋ, ಅವನಿದ್ದ ಬಸ್ಸನ್ನೇ ಬಯ್ದು ಕಳಿಸಿದೆನೆಂಬ ನಾಚಿಕೆಗೋ ಅವನಿಗೇ ತಿಳಿಯಲಿಲ್ಲ.

ಕುದಿದಾಗಲೆಲ್ಲ ದಾರಿಯ ಬಾವಿಗಳಲ್ಲಿ ನೀರು ಹುಡುಕುತ್ತ ಮತ್ತೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಚಲುವಯ್ಯನ ಕೈಗೆ ಪ್ಲಾಸ್ಟರಿನ ಪಟ್ಟು ಹಾಕಿ ಮುಗಿದಿತ್ತು. ಕೈ ಉಳಿಯುತ್ತದೆ, ಆದರೆ ಮೊದಲಿನ ಬಲ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಗಂಡಹೆಂಡತಿ ಬಸ್ ಸ್ಟ್ಯಾಂಡಿಗೆ ಹೊರಟಿದ್ದಾರೆಂದು ಕಾವಲಿನವನು ಹೇಳಿದ. ದೇವರಾಜು ಹೊರಗೆ ಬಂದಾಗ ಕಾರು ಆರಿ ನಿಂತಿತ್ತು.

ಹ್ಯಾಂಡಲ್ ತೆಗೆದುಕೊಂಡು ಮುಂದುಗಡೆ ನಿಂತ. ಕಡ್ಡಿ ಎಳೆದಿದೆಯೇ ಎಂದು ಹೋಗಿ ನೋಡಿದ, ಬಂದು ಹ್ಯಾಂಡಲ್ ತೂರಿಸಿದ, ಮತ್ತೆ ಹೋಗಿ ನೋಡಿದ. ಆ ಕಬ್ಬಿಣ ಒದ್ದ ಸದ್ದು ಇನ್ನೂ ಕಿವಿಯಲ್ಲಿತ್ತು. ಇಷ್ಟು ವರ್ಷ ಇದನ್ನು ಅವನ ಕೈಯಲ್ಲಿ ಹೊಡೆಸಿದ ತನಗೆ ಒಂದು ಸಲ ತಿರುಗಿಸುವ ಧೈರ್ಯವಿರಲಿಲ್ಲ. ಹ್ಯಾಂಡಲನ್ನು ಸೀಟಿನ ಕೆಳಗೆ ಹಾಕಿದ. ತಾಮ್ರದ ಬಿಂದಿಗೆಯನ್ನು ಯಾರಾದರೂ ಹೊತ್ತುಕೊಂಡು ಹೋದಾರೆಂದು ಕಂಕುಳಲ್ಲಿ ಇಟ್ಟುಕೊಂಡು, ಟವಲನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ.

ಹೊಳೆನರಸೀಪುರದ ಬಸ್ಸು ಹೊರಡುವುದರಲ್ಲಿತ್ತು. ಒಳಗೆ ಜನ ಕಿಕ್ಕಿರಿದಿದ್ದರು. ಕಿಟಕಿ ಪಕ್ಕದಲ್ಲಿ ಮಾದಮ್ಮ, ಅವಳ ಪಕ್ಕದಲ್ಲಿ ಬಿಳಿ ಪಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡ ಚಲುವಯ್ಯ. ದೇವರಾಜು ಕಂಬಿ ಹಿಡಿದು ನಿಂತ. ಅವರನ್ನು ನೋಡುವ ಮುಖ ಅವನಿಗಿರಲಿಲ್ಲ. ಕಂಡಕ್ಟರು, "ಬಿಂದ್ಗೆ ಹಿಡ್ಕೊಂಡು ದಾರೀಲಿ ನಿಂತ್ರೆ ಹೆಂಗಯ್ಯ?" ಎಂದು ರೇಗಿದ.

"ಬುದ್ದೀ!" ಎಂದ ಚಲುವಯ್ಯ. ಒಂದು ಗಳಿಗೆಯೂ ಯೋಚಿಸದೆ ಹೆಂಡತಿಯ ಕಡೆಗೆ ಸರಿದು ಜಾಗ ಮಾಡಿದ. "ಬನ್ನಿ, ಇಲ್ಲೈತೆ ಜಾಗ. ಕುಂತ್ಕಳಿ. ಬಿಂದ್ಗೆ ಕಾಲ್ತಾವ ಇಡಿ."

ಮೂರು ವರ್ಷ ತನ್ನ ಬಾಯಿಂದ ಹೊರಡದೇ ಹೋದ ಮಾತು ಅದು. ದೇವರಾಜು ಸೀಟಿನ ಅಂಚಿನಲ್ಲಿ ಕೂತ. ಭುಜಕ್ಕೆ ಭುಜ ತಾಗಿತು. ಮಾದಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಬಸ್ಸು ಹೊರಟು ಊರು ದಾಟಿದ ಮೇಲೆ ಟವಲನ್ನು ಚಲುವಯ್ಯನ ತೊಡೆಯ ಮೇಲೆ ಇಟ್ಟು, ದೇವರಾಜು ಕಷ್ಟಪಟ್ಟು ಬಾಯಿಬಿಟ್ಟ.

"ಕಡ್ಡಿ ಎಳೀಲಿಲ್ಲ ಕಣ್ಲಾ ನಾನು. ತೆಪ್ಪು ನಂದು."

"ಗೊತ್ತು ಬುದ್ದಿ."

"ಕೈ ವಾಸಿಯಾಗ್ಲಿ. ಇನ್ಮೇಲೆ ಮುಂದ್ಗಡೆನೇ ಕೂರ್ಲಾ. ಬಿಂದ್ಗೆ ಇಂದ್ಗಡೆ ಕಟ್ಟುಮಾ." ಕಾರನ್ನು ಹೊಳೆಗೆ ನೂಕುವ ಹರಕೆ ಅವನಿಗೆ ಆಗಲೇ ಮರೆತುಹೋಗಿತ್ತು.

ದಿಬ್ಬ ಬಂತು. ಚಲುವಯ್ಯ ತಾನು ಜಾರಿ ಇಳಿದ ಜಾಗವನ್ನು ತಲೆ ಬಗ್ಗಿಸಿ ಕಿಟಕಿಯಲ್ಲಿ ನೋಡಿದ.

"ಬರಾಕಿಲ್ಲ ಬುದ್ದಿ, ಇನ್ನು ಕಾರಿಗೆ ನಾನು ಬರಾಕಿಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೈ ಎದ್ರಿಕೆನಾ?"

"ಕೈದಲ್ಲ ಬುದ್ದಿ. ಆಸ್ಪತ್ರೆಗೆ ಬತ್ತಾ ಈ ಬಸ್ನಾಗೆ ಕಂಡಕ್ಟ್ರು 'ಕೂತ್ಕೊಳಯ್ಯ' ಅಂದ, ಕುಂತ್ಕಂಡೆ. ಯಾರೂ ಗೋಣಿತಾಟು ಆಸು ಅನ್ನಲಿಲ್ಲ."

ಕೆಳಗೆ ಬರಿ ಬಿಂದಿಗೆ ರಸ್ತೆಯ ಗುಂಡಿಗೊಂದು ಸಲ ಉರುಳಿ ದೇವರಾಜುವಿನ ಕಾಲಿಗೆ ಬಡಿಯುತ್ತಿತ್ತು. ಊರು ಬರುವವರೆಗೂ ಅವನು ಅದನ್ನು ಹಿಡಿದುಕೊಳ್ಳಲಿಲ್ಲ.