ಪಡಿ ಚೆಂಬಿಗೆ ಬಿದ್ದ ಹಿಟ್ಟು

ಶ್ರಾವಣ ಶನಿವಾರ ಪಡಿ ಎತ್ತುವವರು ಮನೆ ಆರಿಸುವಂತಿಲ್ಲ. ಬೀದಿಗೆ ಕಾಲಿಟ್ಟ ಮೇಲೆ ಆ ಬೀದಿಯ ಎಲ್ಲ ಬಾಗಿಲಲ್ಲೂ ನಿಂತು ಗೋವಿಂದಾ ಎನ್ನಬೇಕು. ಯಾರು ಏನು ಹಾಕಿದರೂ ಒಂದೇ ಚೆಂಬಿನಲ್ಲಿ ಹಿಡಿಯಬೇಕು. ಒಟ್ಟಿಗೇ ಬೇಯಿಸಿ ತಿಮ್ಮಪ್ಪನಿಗೆ ಎಡೆಯಿಟ್ಟು ಉಣ್ಣಬೇಕು. ಬೋಗಾದಿ ಹಳ್ಳಿಯಾಗಿದ್ದಾಗ ಅಂಬುಜಮ್ಮನ ಮಾವ ಹೀಗೆ ಎತ್ತುತ್ತಿದ್ದರು, ಆಮೇಲೆ ಅವಳ ಗಂಡ ಚೆಲುವರಾಜು. ಹೊಲಗಳು ಸೈಟುಗಳಾದವು, ಚೆಂಬು ಮಾತ್ರ ಅದೇ ಉಳಿಯಿತು. ಚೆಲುವರಾಜು ತೀರಿಕೊಂಡು ವರ್ಷ ತುಂಬಿದ್ದರಿಂದ ಈ ಸಲ ಚೆಂಬು ಮಗ ಮಹೇಂದ್ರನ ಕೈಗೆ ಬಂದಿತ್ತು.

ಅವರ ಮಹಡಿ ಮನೆಯಲ್ಲಿ ನೀಮಾ ಬಾಡಿಗೆಗಿದ್ದಳು. ತಾಂಜಾನಿಯಾದಿಂದ ಓದಲು ಬಂದ ಹುಡುಗಿ. ಅವಳು ಬಂದ ದಿನ ಅಂಬುಜಮ್ಮನೇ ಮೇಲೆ ಹೋಗಿ ಹಾಲು ಉಕ್ಕಿಸಿ ಕೊಟ್ಟಿದ್ದಳು.

ಹೋದ ಭಾನುವಾರ ಬೀದಿಯಲ್ಲಿ ಯಾರದೋ ಬೈಕು ಕಳುವಾಯಿತು. ಎದುರುಮನೆ ನಂಜಯ್ಯನ ಮಗ ವಸಂತ್ ಇನ್ನಿಬ್ಬರನ್ನು ಕಟ್ಟಿಕೊಂಡು ನೇರ ಈ ಮಹಡಿ ಹತ್ತಿದ. ಮೈಬಣ್ಣ ಎತ್ತಿ ಬೈದ, ಬಂದ ಕಾಡಿಗೇ ಹೋಗು ಎಂದ. ನೀಮಾಳ ಚಪ್ಪಲಿ, ಪುಸ್ತಕಗಳು ಚರಂಡಿಗೆ ಬಿದ್ದವು. ತಡೆಯಲು ಮೆಟ್ಟಿಲಿಳಿದು ಬಂದ ನೀಮಾಳನ್ನು ನೂಕಿದ. ಅವಳ ಬಲಗೈ ಮಣಿಕಟ್ಟು ಉಳುಕಿತು. ಬೈಕು ಸಂಜೆ ಬೇರೆಲ್ಲೋ ಸಿಕ್ಕಿತು.

ಅಂಬುಜಮ್ಮ ಕಿಟಕಿಯ ಸರಳು ಹಿಡಿದು ಎಲ್ಲ ನೋಡಿದಳು. ಕೋಪ ಬರಲಿಲ್ಲ, ಭಯವೂ ಆಗಲಿಲ್ಲ. ಗಂಡ ಹೋದಂದಿನಿಂದ ಅವಳಿಗೆ ಎಲ್ಲವೂ ಜೋಮು ಹಿಡಿದ ಕಾಲನ್ನು ಮುಟ್ಟಿದ ಹಾಗೆ. ಮುಟ್ಟಿದ್ದು ಕಾಣುತ್ತದೆ, ತಿಳಿಯುವುದಿಲ್ಲ.

ಆ ಸಂಜೆ ನೀಮಾಳ ಗೆಳತಿ, ಅಶೋಕಪುರಂನ ಸಂಘಮಿತ್ರ ಬಂದು ಕೇಳಿದಳು. “ಅಮ್ಮ, ಸ್ಟೇಷನ್‌ನಲ್ಲಿ ಕಂಪ್ಲೇಂಟ್ ತಗೊಂಡವ್ರೆ. ಕಣ್ಣಾರೆ ನೋಡ್ದೋರು ಯಾರಾದ್ರೂ ಹೇಳ್ಬೇಕಂತೆ. ನೀವು ಮನೇಲೇ ಇದ್ರಲ್ಲ?”

“ಅಡುಗೆಮನೇಲಿದ್ದೆ ಕಣಮ್ಮ.”

“ಕುಕ್ಕರ್ ಕೂಗ್ತಿತ್ತೇನೋ. ಇವತ್ತು ಬೀದಿ ತುಂಬಾ ಎಲ್ರ ಮನೆ ಕುಕ್ಕರೂ ಒಟ್ಗೇ ಕೂಗವೆ ಬುಡಿ,” ಎಂದು ಸಂಘಮಿತ್ರ ಎದ್ದು ಹೋದಳು.

ನಂಜಯ್ಯ ಮಹೇಂದ್ರನನ್ನು ಕರೆದು, ಶ್ರಾವಣ ಮುಗಿಯುವುದರೊಳಗೆ ಆ ಹುಡುಗಿಯನ್ನು ಖಾಲಿ ಮಾಡಿಸು ಎಂದ. ಮಹೇಂದ್ರ ಆಗಲಿ ಎಂದು ತಲೆಯಾಡಿಸಿ ಬಂದು, ನೀಮಾಳಿಗೂ ಹಾಗೇ ಹೇಳಿದ.

ಶನಿವಾರ ಬೆಳಗ್ಗೆ ಮಹೇಂದ್ರ ನಾಮ ಹಚ್ಚಿ, ಪಂಚೆಯುಟ್ಟು ಹೊರಟ. ಅಂಬುಜಮ್ಮ ತಮ್ಮ ಮನೆಯ ಮೊದಲ ಹಿಡಿ ಅಕ್ಕಿ ಹಾಕಿ ಹಿಂದೆ ನಡೆದಳು. ಮಗ ಮಹಡಿ ಮೆಟ್ಟಿಲು ದಾಟಿ ಗೇಟಿನತ್ತ ಹೋದ.

“ಮೇಲಿನ ಮನೆ?” ಎಂದಳು.

“ಅದು ಮಹಡಿ ಕಣವ್ವ. ಬೀದಿ ಬಾಗ್ಲಲ್ಲ. ಲೆಕ್ಕಕ್ಕಿಲ್ಲ.”

ಅಂಬುಜಮ್ಮ ಅಲ್ಲೇ ನಿಂತಳು. ಅವಳು ಸೊಸೆಯಾಗಿ ಬಂದ ವರ್ಷ ಮಾವ ಪಡಿ ಎತ್ತುತ್ತಾ ಹುಣಸೆಮರದ ತನಕ ಹೋಗಿ ತಿರುಗಿದ್ದರು. ಮರದಾಚೆಯೂ ಮನೆಗಳಿದ್ದವಲ್ಲ ಎಂದು ಕೇಳಿದ್ದಕ್ಕೆ, “ಅದು ಬೇರೆ ಬೀದಿ ಕಣಮ್ಮ” ಎಂದಿದ್ದರು. ಇದ್ದದ್ದು ಒಂದೇ ಬೀದಿ. ಮರದಾಚೆ ಒಬ್ಬ ಹೆಂಗಸು ಮೊರದಲ್ಲಿ ರಾಗಿ ಹಿಡಿದು, ಚೆಂಬು ಮರೆಯಾಗುವವರೆಗೂ ನಿಂತಿದ್ದಳು. ಮುಖ ನೆನಪಿಲ್ಲ. ಮೊರ ನೆನಪಿದೆ.

“ಕೊಡಿಲ್ಲಿ,” ಎಂದು ಮಗನ ಕೈಯಿಂದ ಚೆಂಬು ತೆಗೆದುಕೊಂಡು ಅವಳು ಮೆಟ್ಟಿಲು ಹತ್ತಿದಳು.

“ವೆಂಕಟರಮಣ ಗೋವಿಂದಾ ಗೋವಿಂದ.”

ನೀಮಾ ಬಾಗಿಲನ್ನು ಅರ್ಧ ತೆರೆದಳು. ಹಿಂದೆ ಹಗ್ಗ ಕಟ್ಟಿದ ರಟ್ಟಿನ ಡಬ್ಬಗಳಿದ್ದವು. “ಅಮ್ಮ, ಇವತ್ತೇ ಖಾಲಿ ಮಾಡ್ಬೇಕಾ?”

“ಪಡಿಗೆ ಬಂದಿದೀನಿ. ಅಕ್ಕಿ ಹಾಕು.”

“ಅಕ್ಕಿ ಇಲ್ಲ.” ಅವಳು ಒಳಗೆ ಹೋಗಿ ಬಟ್ಟಲಲ್ಲಿ ಬಿಳಿಯ ಮುಸುಕಿನ ಜೋಳದ ಹಿಟ್ಟು ತಂದಳು. “ಇದು ಆಗತ್ತಾ?”

ಎಡಗೈಯಲ್ಲಿ ಕೊಡಬಾರದೆಂದು ಅವಳು ಈ ಊರಲ್ಲಿ ಕಲಿತಿದ್ದಳು. ಬ್ಯಾಂಡೇಜು ಸುತ್ತಿದ ಬಲಗೈಯಲ್ಲೇ ಬಟ್ಟಲು ಹಿಡಿದು, ಆ ಕೈಗೆ ಎಡಗೈ ಆಸರೆ ಕೊಟ್ಟು, ತುಟಿ ಕಚ್ಚಿ ಸುರಿದಳು. ಅಕ್ಕಿಯ ಮೇಲೆ ಹಿಟ್ಟು ಇಳಿಯಿತು.

ಕೆಳಗೆ ನಂಜಯ್ಯ ತನ್ನ ಗೇಟಿನಲ್ಲಿ ನಿಂತು ನೋಡುತ್ತಿದ್ದ. “ಅಂಬುಜಕ್ಕ, ಅದನ್ನ ಬೇರೆ ಕವರ್‌ಗೆ ಹಾಕ್ಬುಡಿ. ನಮ್ಮನೆ ಅಕ್ಕೀನ ಅದ್ರ ಜೊತೆ ಬೆರೆಸ್ಬ್ಯಾಡಿ.”

“ಬಿದ್ದಾಯ್ತಲ್ಲ ನಂಜಯ್ಯ. ಹಿಟ್ಟು ಹೆಂಗೆ ಆರಿಸ್ಲಿ?”

“ಹಂಗಾದ್ರೆ ನಮ್ಮನೇದು ಬೀಳಲ್ಲ.” ಅವನು ಗೇಟಿನ ಚಿಲಕ ಹಾಕಿದ.

ಅಂಬುಜಮ್ಮ ಆ ಮುಚ್ಚಿದ ಗೇಟಿನ ಮುಂದೆಯೂ ನಿಂತು ಗೋವಿಂದಾ ಎಂದಳು. ನಿಯಮ ನಿಯಮವೇ. ಆಮೇಲೆ ಮುಂದಕ್ಕೆ ನಡೆದಳು. ಕೆಲವರು ಹಾಕಿದರು, ಕೆಲವರು ಟಿವಿ ಸದ್ದು ಜಾಸ್ತಿ ಮಾಡಿದರು. ಮಹೇಂದ್ರ ಹತ್ತು ಹೆಜ್ಜೆ ಹಿಂದೆಯೇ ಬಂದ.

ಚೆಂಬಿನಲ್ಲಿದ್ದದ್ದನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಬೇಯಿಸಿದಾಗ ಅದು ಅನ್ನವೂ ಆಗಲಿಲ್ಲ, ಮುದ್ದೆಯೂ ಆಗಲಿಲ್ಲ, ತಳವೂ ಹತ್ತಿತು. ಅದನ್ನೇ ತಿಮ್ಮಪ್ಪನಿಗೆ ಎಡೆಯಿಟ್ಟು ಕೈಮುಗಿದಳು. ಬೇಡಿಕೊಳ್ಳಲು ಏನೂ ತೋಚಲಿಲ್ಲ. ಪ್ರತಿವರ್ಷ ಊಟಕ್ಕೆ ಬರುತ್ತಿದ್ದ ಬೀದಿಯವರು ಯಾರೂ ಬರಲಿಲ್ಲ. ನೀಮಾ ಬಂದಳು, ಸಾಮಾನು ಸಾಗಿಸಲು ಬಂದಿದ್ದ ಸಂಘಮಿತ್ರಳೂ ಬಂದಳು. ಮಹೇಂದ್ರ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು, ಆಮೇಲೆ ಎಲೆಯ ಮುಂದೆ ಕೂತ.

“ನಮ್ಮೂರಲ್ಲಿ ಇಷ್ಟು ಕೆಟ್ಟದಾಗಿ ಮಾಡಲ್ಲ,” ಎಂದಳು ನೀಮಾ, ತುತ್ತು ನುಂಗಿ.

“ನಮ್ಮೂರಲ್ಲೂ ಮಾಡಲ್ಲ ಕಣೇ,” ಎಂದಳು ಸಂಘಮಿತ್ರ.

ಅಂಬುಜಮ್ಮ ಎಲೆಗೆ ಸಾರು ಬಡಿಸುತ್ತಾ ಕೇಳಿದಳು. “ಸ್ಟೇಷನ್ ಶನಿವಾರ ತೆಗೆದಿರ್ತದಾ?”

ಸಂಘಮಿತ್ರಳ ಕೈ ನಿಂತಿತು. “ಅದು ಯಾವತ್ತೂ ಮುಚ್ಚಲ್ಲಮ್ಮ.”

“ನಾನು ಅವತ್ತು ಅಡುಗೆಮನೇಲಿರ್ಲಿಲ್ಲ. ಕಿಟಕೀಲಿದ್ದೆ. ನೂಕಿದ್ದು ವಸಂತು.”

“ಅವ್ವ,” ಎಂದ ಮಹೇಂದ್ರ, “ನಾಳೆ ಬೆಳಗಾದ್ರೆ ನಂಜಯ್ಯನ ಮುಖ ನೋಡ್ಬೇಕಲ್ಲ.”

“ನೋಡಾಣ. ಖಾಲಿ ಮಾಡ್ಸು ಅಂತ ಕೇಳಿದ್ರೆ, ಮನೆ ನಮ್ಮವ್ವನ ಹೆಸರಲ್ಲಿ ಅದೆ, ಅವಳು ಒಪ್ಪಲ್ಲ ಅನ್ನು. ನಿನ್ನ ಮೇಲೆ ಬರಲ್ಲ.”

ಅವನು ಎಲೆ ಮುಗಿಸಿ ಎದ್ದ. ಆಮೇಲೆ ಅವನೇ ಹೋಗಿ ಆಟೋ ಕರೆತಂದ. ತಾನು ಹತ್ತಲಿಲ್ಲ.

ಠಾಣೆಯಲ್ಲಿ ಅಂಬುಜಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಚಪ್ಪಲಿ, ಪುಸ್ತಕ, ಬೈಗುಳ, ನೂಕಿದ ಕೈ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. “ಹೇಳ್ಲಿಲ್ಲ,” ಎಂದಳು. ಸಹಿ ಹಾಕಿದಳು. ಎದೆ ಹಗುರಾಗುತ್ತದೇನೋ ಎಂದು ಕಾದಳು. ಆಗಲಿಲ್ಲ.

ಮನೆಗೆ ಬಂದು ನೀಮಾಳ ಹಿಂದೆ ಮಹಡಿ ಹತ್ತಿದಳು. ನೀಮಾ ಒಂದೇ ಕೈಯಲ್ಲಿ ಡಬ್ಬದ ಹಗ್ಗ ಬಿಚ್ಚಲು ಹೆಣಗುತ್ತಿದ್ದಳು. ಅಂಬುಜಮ್ಮ ನೆಲಕ್ಕೆ ಕೂತು ಇನ್ನೊಂದು ತುದಿ ಹಿಡಿದಳು. ಗಂಟು ಬಿಗಿಯಾಗಿತ್ತು. ಎಳೆದಾಗ ಹಗ್ಗ ಬೆರಳನ್ನು ತರಚಿತು, ಉರಿ ಎನಿಸಿತು. ಅವಳು ಬೆರಳು ನೋಡಿಕೊಂಡು, ಮತ್ತೆ ಎಳೆದಳು.